ಸುರಗಿ ನೀರಿನಲ್ಲಿ ಮಿಂದ ಕಾರು

ಕಾರು ತೊಳೆಯುವುದು ಯಾರಿಗಾದರೂ ಬರುತ್ತದೆ. ನೀರು, ಸೋಪು, ಎರಡು ಕೈ ಇದ್ದರೆ ಆಯಿತು. ಕೆಡುವುದೆಲ್ಲ ಒರೆಸುವಾಗ. ಈ ಮಾತನ್ನು ನಾನು ಸೋಲಾಪುರದಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿದವರು ಕಡಿಮೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಮಾತು ಏನು ಕೇಳುವುದು ಅಂದುಕೊಂಡರೋ, ಇಲ್ಲಾ ಇಡೀ ಊರೇ ಟವೆಲ್ಲು ನೇಯುವ ಊರು, ಒರೆಸುವ ವಿಷಯ ನಮಗೆ ಕಲಿಸಲು ಇವನ್ಯಾರು ಅಂದುಕೊಂಡರೋ, ಗೊತ್ತಿಲ್ಲ.

ಸಾಲಿ ಬಿಟ್ಟದ್ದಕ್ಕೆ ನನಗೆ ನಾಚಿಕೆ ಇಲ್ಲ. ಕಂದಲಗಾಂವದಲ್ಲಿ ಅಪ್ಪನ ಹೊಲ ಇತ್ತು, ಹೊಲದಲ್ಲಿ ಅಣ್ಣಂದಿರೂ ಇದ್ದರು, ನನಗೆ ಜಾಗ ಇರಲಿಲ್ಲ. ಸೋಲಾಪುರಕ್ಕೆ ಬಂದೆ. ಒಂದು ಗ್ಯಾರೇಜಿನಲ್ಲಿ ಲಾರಿ ತೊಳೆದೆ, ಲಾರಿಯ ಕೆಳಗೆ ಮಲಗಿ ಗ್ರೀಸು ತುಂಬಿದೆ, ಆಮೇಲೆ ಅದೇ ಲಾರಿಯನ್ನು ಓಡಿಸಿದೆ. ಎಪ್ಪತ್ತರ ದಶಕ ಅರ್ಧ ದಾಟಿದ ಮೇಲೆ ಚಾದರು ಮತ್ತು ಟವೆಲ್ಲುಗಳನ್ನು ಗಂಟುಗಟ್ಟಲೆ ಮಾರುವ ಠೋಕ ವ್ಯಾಪಾರಿಯೊಬ್ಬರು ನನ್ನನ್ನು ಕಾರಿಗೆ ಕರೆದರು. ಹೆಸರು ಬೇಡ. ನಾನು ಅವರನ್ನು ಮಾಲಕರು ಅನ್ನುತ್ತಿದ್ದೆ, ಇಲ್ಲೂ ಹಾಗೇ ಅನ್ನುತ್ತೇನೆ.

ನಂಬರು ಹಚ್ಚಿ ವರ್ಷಗಟ್ಟಲೆ ಕಾದು ತಂದ ಕಾರು. ಬಣ್ಣ ಕಪ್ಪು. ಕಪ್ಪು ಬಣ್ಣ ಏನನ್ನೂ ಮುಚ್ಚಿಟ್ಟುಕೊಳ್ಳುವುದಿಲ್ಲ. ನಮ್ಮ ಸವಳು ನೀರು ಅದರ ಮೇಲೆ ತಾನಾಗಿ ಒಣಗಿದರೆ ಸಿಡುಬು ಬಂದ ಹಾಗೆ ಬಿಳಿ ಚುಕ್ಕೆ ಕೂಡುತ್ತವೆ. ಅವಸರ ಮಾಡಿ ತಿಕ್ಕಿದರೆ ಕೂದಲೆಳೆಯಂಥ ಗೀರು. ಬಿಸಿಲಿಗೆ ನಿಲ್ಲಿಸಿದರೆ ಆ ಗೀರೆಲ್ಲ ಜೇಡನ ಬಲೆಯ ಹಾಗೆ ಎದ್ದು ಕಾಣುತ್ತವೆ. ಒಮ್ಮೆ ಬಿದ್ದ ಗೀರು ಬಿತ್ತು.

ಮೊದಲನೇ ದಿನ ಕಾರು ತೊಳೆದು ನಿಂತಿದ್ದೆ. ಮಾಲಕರು ದುಕಾನಿನಿಂದ ಹೊಚ್ಚ ಹೊಸ ಟವೆಲ್ಲು ತಂದು ನನ್ನ ಹೆಗಲಿಗೆ ಹಾಕಿದರು. ಲೇಬಲ್ಲು ಇನ್ನೂ ಅಂಟಿಕೊಂಡೇ ಇತ್ತು.

"ಮಾಲಕ್ರ, ಇದು ಬ್ಯಾಡ್ರಿ."

"ಯಾಕೋ? ನಮ್ಮ ಟವೆಲ್ಲಿಗಿ ಏನ್ ಆಗ್ಯಾದ?"

"ಏನೂ ಆಗಿಲ್ರಿ. ಹೊಸಾದು ಅದ. ಗಂಜಿ ಹೋಗಿಲ್ಲ. ಮ್ಯಾಲ ಈ ದಪ್ಪ ಅಂಚು. ಕಾರಿಗೆ ಕಬ್ಬಿಣ ತಿಕ್ಕೂ ಕಾನಸು ಹಾಕಿದಂಗ ಆಗ್ತದ."

"ಅರೆ! ಅರ್ಧಾ ದೇಶ ಇದ್ರಲೇ ಮಾರಿ ಒರಸ್ಕೊಳ್ತದ. ಯಾರ ಮಾರಿ ಕೆತ್ತಿ ಹೋಗ್ಯಾದ, ಹೇಳು ನೋಡೋಣು?"

"ಮನಷ್ಯಾನ ಚರ್ಮ ಮತ್ತ ಬೆಳೀತದ್ರಿ. ಕಾರಿನ ಬಣ್ಣ ಬೆಳ್ಯಂಗಿಲ್ಲ."

ದುಕಾನಿನ ಗುಮಾಸ್ತರು ನಕ್ಕರು. ಮಾಲಕರಿಗೆ ತಮ್ಮ ಮಾಲಿನ ಮೇಲೆ ಯಾರಾದರೂ ಮಾತಾಡಿದರೆ ಮೈಯೆಲ್ಲ ಉರಿ. "ಹಂಗಾದ್ರ ನೀ ಒರಸಿದ್ರ ಗೀರು ಬೀಳಂಗೇ ಇಲ್ಲಂತೀ?" ಎಂದರು.

ನನಗೂ ಸಿಟ್ಟು ಬಂತು. ಮೀಸೆಯ ಮೇಲೆ ಕೈ ಇಟ್ಟು, "ಈ ಕಾರಿಗಿ ಒರಸೂ ಮುಂದ ಒಂದ ಗೀರು ಬಿತ್ತಂದ್ರ, ಈ ಮೀಸಿ ತಗಸಿಬಿಡ್ತೀನ್ರಿ," ಎಂದೆ.

ಮಾಲಕರು ತಮ್ಮ ಕಡೆಯಿಂದ ಏನೂ ಒಡ್ಡಲಿಲ್ಲ. ವ್ಯಾಪಾರಸ್ಥರು ಒಡ್ಡುವುದಿಲ್ಲ. "ಆತು, ಎಲ್ಲಾರೂ ಕೇಳ್ರಿ," ಎಂದಷ್ಟೇ ಹೇಳಿ ಗಾದಿಯ ಮೇಲೆ ಕೂತರು.

ಇದರಲ್ಲಿ ದೊಡ್ಡದೇನು ಅಂತ ಈಗಿನವರಿಗೆ ಅನಿಸಬಹುದು. ನಮ್ಮ ಮನೆಯಲ್ಲಿ ಗಂಡಸು ಮೀಸೆ ತೆಗೆಸುವುದು ಒಂದೇ ಒಂದು ಸಲ, ಅಪ್ಪ ತೀರಿಕೊಂಡಾಗ. ನನ್ನ ಅಪ್ಪ ಕಂದಲಗಾಂವದಲ್ಲಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ ಇದ್ದ. ಬೋಳು ಮಾರಿ ಹೊತ್ತು ನಾನು ಊರಿಗೆ ಹೋದರೆ ಬಸ್‌ಸ್ಟ್ಯಾಂಡಿನಿಂದಲೇ ಅಳುವವರು ಶುರು ಮಾಡುತ್ತಿದ್ದರು. ಆ ಅಳು ಅಪ್ಪನ ಕಿವಿಗೆ ಬೀಳುತ್ತಿತ್ತು. ಆಮೇಲೆ ನಾನು ಇರುತ್ತಿದ್ದೆನೋ ಇಲ್ಲವೋ!

ನನ್ನ ಹತ್ತಿರ ನನ್ನದೇ ಒರೆಸುವ ಅರಿವೆ ಇತ್ತು. ನನ್ನ ಅವ್ವ ಉಟ್ಟು ಉಟ್ಟು ಸವೆಸಿದ ಹಳೆಯ ಸೀರೆ. ಅಂಚು, ಸೆರಗು ಕತ್ತರಿಸಿ ತೆಗೆದು, ನಡುವಿನ ಮೆತ್ತನೆಯ ಭಾಗವನ್ನು ದೊಡ್ಡ ತುಂಡು ಮಾಡಿ ಇಟ್ಟಿದ್ದೆ. ಒರೆಸಿದಾಗೊಮ್ಮೆ ಒಗೆದು, ಜಾಡಿಸಿ, ಮಡಿಚಿಡುತ್ತಿದ್ದೆ; ಒಂದು ಕಣ ಉಸುಕು ಇರಬಾರದು. ಒರೆಸುವುದು ಅಂದರೆ ತಿಕ್ಕುವುದಲ್ಲ. ಅರಿವೆಯನ್ನು ನೀರಿನ ಮೇಲೆ ಹಾಸಬೇಕು, ಅದು ತಾನೇ ಕುಡಿಯುತ್ತದೆ, ಆಮೇಲೆ ನಿಧಾನಕ್ಕೆ ತನ್ನ ಕಡೆಗೆ ಎಳೆದುಕೊಳ್ಳಬೇಕು. ಮೊದಲು ಟಾಪು, ಆಮೇಲೆ ಗಾಜು, ಬಾನೆಟ್ಟು, ಕೊನೆಗೆ ಕೆಸರು ಸಿಡಿಯುವ ಕೆಳಭಾಗ. ಕೆಳಗೆ ಆಡಿದ ಅರಿವೆ ಮತ್ತೆ ಮೇಲೆ ಹೋಗಬಾರದು. ಕೈಯಲ್ಲಿ ಉಂಗುರ, ಸೊಂಟದಲ್ಲಿ ಕೀಲಿಕೈ ಇರಬಾರದು. ನೆರಳಲ್ಲೇ ಮಾಡಬೇಕು.

ಒಂದು ವಿಚಿತ್ರ ಹೇಳಬೇಕು. ಟವೆಲ್ಲು ಮಾರುವ ನಮ್ಮ ಮಾಲಕರು ಸ್ವತಃ ಟವೆಲ್ಲು ಮುಟ್ಟುತ್ತಿರಲಿಲ್ಲ. ಗಂಜಿ ತಾಕಿದರೆ ಅವರಿಗೆ ತುರಿಕೆ. ಅವರ ಧೋತರವನ್ನು ಮನೆಯಲ್ಲೇ ಗಂಜಿ ಹಾಕದೆ ಒಗೆಯುತ್ತಿದ್ದರು. ಅದು ಕೆನೆಯ ಹಾಗೆ ಮೆತ್ತಗೆ. ಅವರು ಕಾರಿನಿಂದ ಇಳಿದಾಗೆಲ್ಲ ನನ್ನ ಕಣ್ಣು ಅವರ ಕಾಲಿನ ಮೇಲೆ ಹೋಗುತ್ತಿತ್ತು. ಅವರು ನನ್ನದು ವಿನಯ ಅಂದುಕೊಂಡಿದ್ದರು. ಅಲ್ಲ, ನಾನು ಧೋತರ ನೋಡುತ್ತಿದ್ದೆ.

ಹೀಗೆ ಕೆಲವು ವರ್ಷ ಮೀಸೆ ಉಳಿದುಕೊಂಡು ಬಂತು. ಆಮೇಲೆ ಅಕ್ಕಲಕೋಟೆಯ ಮದುವೆ ಬಂತು.

ಮಾಲಕರ ಅಕ್ಕನನ್ನು ಅಕ್ಕಲಕೋಟೆಯ ದೊಡ್ಡ ಹೊಲಮನೆಯವರಿಗೆ ಕೊಟ್ಟಿದ್ದರು. ಆ ಅಕ್ಕನ ಮಗನ ಮದುವೆ, ಹೆಣ್ಣು ಮೈಂದರ್ಗಿಯದು. ಸೋದರಮಾವನಾದ ಮಾಲಕರ ಕಾರಿನಲ್ಲೇ ಮದುಮಗ ಅಕ್ಕಲಕೋಟೆಯಿಂದ ಮೈಂದರ್ಗಿಗೆ ಹೋಗಬೇಕು. ಆ ಮನೆಯಲ್ಲಿ ಅದುವರೆಗೆ ಎಲ್ಲ ಮದುಮಕ್ಕಳೂ ಕುದುರೆಯ ಮೇಲೆ ಹೋದವರು.

ಹಿಂದಿನ ದಿನ ಸಂಜೆ ಹೊರಟೆವು. ಡಿಕ್ಕಿಯ ತುಂಬ ಟವೆಲ್ಲಿನ ಗಂಟು. ನಮ್ಮ ಕಡೆ ಮದುವೆಗೆ ಬಂದ ಗಂಡಸರಿಗೆಲ್ಲ ಟವೆಲ್ಲು-ಟೊಪ್ಪಿಗೆ ಆಹೇರು ಮಾಡಲೇಬೇಕು. ಹೆಗಲಿಗೆ ಟವೆಲ್ಲು ಹಾಕಿ, ತಲೆಗೆ ಬಿಳಿ ಟೊಪ್ಪಿಗೆ ಇಟ್ಟು ಕೈ ಮುಗಿಯುತ್ತಾರೆ. ಆ ಟವೆಲ್ಲಿನಿಂದ ಯಾರೂ ಮೈ ಒರೆಸಿದ್ದನ್ನು ನಾನು ನೋಡಿಲ್ಲ. ತೆಗೆದುಕೊಂಡವನು ಪೆಟ್ಟಿಗೆಯಲ್ಲಿಟ್ಟು ಮುಂದಿನ ಮದುವೆಯಲ್ಲಿ ಇನ್ನೊಬ್ಬನಿಗೆ ಹಾಕುತ್ತಾನೆ. ಕೆಲವು ಟವೆಲ್ಲು ನನಗಿಂತ ಹೆಚ್ಚು ಊರು ತಿರುಗಿವೆ. ಆ ಗಂಟಿನ ಪಕ್ಕದಲ್ಲೇ ನನ್ನ ಸೀರೆಯ ಅರಿವೆಯೂ ಮಡಿಚಿ ಇತ್ತು.

ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಮಾಲಕರು ನನ್ನ ಮೀಸೆಯ ಪಂಥದ ಕಥೆಯನ್ನು ಎಲ್ಲರಿಗೂ ಹೇಳಿದರು. ಮದುಮಗನ ಕ್ಷೌರಕ್ಕೆ ಬಂದಿದ್ದ ಕ್ಷೌರದವನೂ ಕೇಳಿಸಿಕೊಂಡ. ಎಲೆಯಿಂದ ತಲೆಯೆತ್ತಿ ನನ್ನ ಮೀಸೆಯನ್ನು ಅಳತೆ ತೆಗೆದುಕೊಳ್ಳುವವನ ಹಾಗೆ ನೋಡಿದ.

ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದೆ. ಕಾರಿನ ನಾಲ್ಕೂ ಮೂಲೆಗೆ ನೀರು ತುಂಬಿದ ತಂಬಿಗೆ ಇಟ್ಟಿದ್ದರು. ತಂಬಿಗೆಯಿಂದ ತಂಬಿಗೆಗೆ ಬಿಳಿ ನೂಲು ಸುತ್ತಿದ್ದರು. ಕಾರು ನೂಲಿನ ಚೌಕದ ನಡುವೆ ಮಣೆಯ ಮೇಲೆ ಕೂತ ಮದುಮಗನ ಹಾಗೆ ನಿಂತಿತ್ತು. ಅರಿಷಿಣ ಹಚ್ಚಿದ ಮೇಲೆ ಮದುಮಕ್ಕಳನ್ನು ಹೀಗೆ ಕೂರಿಸಿ ನೀರು ಹಾಕುತ್ತಾರೆ, ಅದಕ್ಕೆ ಸುರಗಿ ಅನ್ನುತ್ತಾರೆ. ಕಾರಿಗೆ ಸುರಗಿ ಸುತ್ತಿದ್ದನ್ನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಿಲ್ಲ.

ಮನೆಯ ಹಿರಿಯಳು, ಮದುಮಗನ ಅಜ್ಜಿ, ಎಲ್ಲರಿಗೂ ಆಯಿ, ಕೋಲು ಹಿಡಿದು ಎಲ್ಲ ಮಾಡಿಸುತ್ತಿದ್ದಳು.

"ಆಯೀ, ಇದು ಕಾರ್ರೀ. ಮದಿಮಗ ಅಲ್ಲ," ಎಂದೆ.

"ಮದಿಮಗನ್ನ ಹೊರೂದು ಹೌದಿಲ್ಲೋ? ನಮ್ಮ ಯಜಮಾನರನ್ನ ಹೊತ್ತ ಕುದರಿಗಿ ನೀರು ಹಾಕ್ಯಾರ. ನನ್ನ ಮಗನ್ನ ಹೊತ್ತ ಕುದರಿಗಿ ನಾನೇ ಹಾಕೀನಿ. ಮೊಮ್ಮಗನ ಪಾಳಿ ಬಂದಾಗ ನೀ ಬ್ಯಾಡಂತೀ?"

"ಕುದರಿ ನೀರು ಬಿದ್ರ ಮೈ ಝಾಡಸ್ತದ್ರಿ ಆಯಿ. ಇದು ಝಾಡ್ಸಂಗಿಲ್ಲ."

"ಅದಕ್ಕ ಒರಸ್ತೀವಿ. ಸರಿ ಅತ್ಲಾಗ."

ಕುದುರೆ ತಿಕ್ಕುವ ಹುಲ್ಲಿನ ಸಿಂಬಿಯನ್ನು ಒಬ್ಬ ಆಳು ಆಗಲೇ ತಂದು ನಿಂತಿದ್ದ. ಅದನ್ನು ಕಸಿದು ಗೋಡೆಯಾಚೆ ಎಸೆದೆ. ಹೆಂಗಸರು ಅರಿಷಿಣದ ಬಟ್ಟಲು ತಂದರು. ಬಾನೆಟ್ಟಿಗೆ ಹಚ್ಚುವುದು ಬೇಡವೆಂದು ಕೈ ಮುಗಿದೆ. ಬಹಳ ಚರ್ಚೆಯಾಗಿ, ಕಣ್ಣಿಗೆ ಹಚ್ಚಿದರೆ ಸಾಕು ಎಂದು ತೀರ್ಮಾನವಾಯಿತು. ಕಣ್ಣೆಂದರೆ ಹೆಡ್‌ಲೈಟು. ಗಾಜಿಗೆ ಗೀರು ಬೀಳುವುದಿಲ್ಲ, ಹಚ್ಚಿಕೊಳ್ಳಲಿ ಅಂದೆ. ಹಾಡಿನಲ್ಲಿ ಮದುಮಗನ ಹೆಸರು ಬರುವ ಜಾಗ ಬಂದಾಗ ಹೆಂಗಸರು ನಿಂತುಬಿಟ್ಟರು.

"ಇದರ ಹೆಸರೇನೋ?" ಆಯಿ ಕೇಳಿದಳು.

"ಇದಕ್ಕ ನಂಬರ್ ಅಷ್ಟ ಇರ್ತದ್ರಿ."

"ಅದನ್ನೇ ಹೇಳು."

ಹೇಳಿದೆ. ಹೆಂಗಸರು ನಂಬರನ್ನು ರಾಗವಾಗಿ ಹಾಡಿದರು. ತಾಳಕ್ಕೆ ಚೆನ್ನಾಗಿಯೇ ಕೂತಿತು. ಮುತ್ತೈದೆಯರು ತಂಬಿಗೆಯಿಂದ, ಆಮೇಲೆ ಕೊಡದಿಂದ, ಆಮೇಲೆ ಉತ್ಸಾಹ ಬಂದು ಬಾವಿಯಿಂದಲೇ ಸೇದಿ ಸೇದಿ ಸುರಿದರು. ಅಕ್ಕಲಕೋಟೆಯ ಆ ಬಾವಿಯ ನೀರು ಸೋಲಾಪುರದ ನೀರಿಗಿಂತ ಸವಳು. ಬಿಸಿಲು ಗೋಡೆ ಹತ್ತಿ ಅಂಗಳಕ್ಕೆ ಇಳಿಯುತ್ತಿತ್ತು. ಅರಿವೆ ತರಲು ಡಿಕ್ಕಿಗೆ ಓಡಿದೆ.

ಡಿಕ್ಕಿ ಖಾಲಿ. ಟವೆಲ್ಲಿನ ಗಂಟು ಇಳಿಸುವಾಗ ನನ್ನ ಅರಿವೆಯನ್ನೂ ಒಳಗೆ ಒಯ್ದಿದ್ದರು. ಪಡಸಾಲೆ, ದೇವರ ಕೋಣೆ, ದನದ ಕೊಟ್ಟಿಗೆ ಎಲ್ಲ ಹುಡುಕಿ ಕೊನೆಗೆ ಅಡಿಗೆಮನೆಗೆ ಬಂದೆ. ಮಾಲಕರ ಅಕ್ಕ ಹೋಳಿಗೆಯ ಬೇಳೆ ಬೇಯಿಸಿ ಕಟ್ಟು ಬಸಿಯುತ್ತಿದ್ದರು. ದೊಡ್ಡ ಹಂಡೆಯ ಬಾಯಿಗೆ ಕಟ್ಟಿದ್ದು ನನ್ನ ಅವ್ವನ ಸೀರೆ. ಅದರ ಮೇಲೆ ಬೇಳೆಯ ಗುಡ್ಡ, ಹಳದಿ ಹಬೆ.

"ಅಕ್ಕಾರ, ಅದು ಕಾರು ಒರಸೂ ಅರಿವಿರಿ!"

ಅವರು ಹಂಡೆ ನೋಡಿದರು. ನನ್ನನ್ನು ನೋಡಿದರು. ಅಂಗಳದಲ್ಲಿ ಕೂತ ನೆಂಟರ ಸಾಲನ್ನು ನೋಡಿದರು.

"ಒಗದಿದ್ದಿಲ್ಲೋ?"

"ಬಿಸಿನೀರಾಗ ಒಗದೀನ್ರಿ."

"ಹಂಗಾದ್ರ ಬಾಯಿ ಮುಚ್ಚು. ಎಷ್ಟ್ ಮೆತ್ತಗ ಅದ ಅಂತೀ, ಒಂದ ಬ್ಯಾಳಿ ಕೆಳಗ ಬಿದ್ದಿಲ್ಲ." ನನ್ನ ಕೈಗೆ ಬಿಸಿ ಹೂರಣದ ಉಂಡೆ ಕೊಟ್ಟು ಕಳಿಸಿದರು.

ಹೂರಣ ಹಿಡಿದುಕೊಂಡು ಅಂಗಳಕ್ಕೆ ಬಂದೆ. ಮಾಲಕರು ಹೊಸ ಟವೆಲ್ಲು ಹಿಡಿದು ನೂಲಿನ ಒಳಗೆ ನಿಂತಿದ್ದರು.

"ಸುರಗಿ ಆದ ಮ್ಯಾಲ ಒರಸೂದು ಸೋದರಮಾವನ ಹಕ್ಕು," ಆಯಿ ಹೇಳುತ್ತಿದ್ದಳು. "ಬಳಗದವ್ರ ಹೊರತಾಗಿ ಯಾರೂ ನೂಲು ದಾಟಬಾರ್ದು."

ದಾಟಲು ಹೋದ ನನ್ನ ಎದೆಗೆ ಅವಳ ಕೋಲು ಅಡ್ಡ ಬಂತು. ನೂಲಿನ ಹೊರಗೆ ನಿಂತು ಕೂಗಿದೆ, "ಮಾಲಕ್ರ, ಉಂಗುರಾ! ಉಂಗುರ ತಗೀರಿ ಮೊದ್ಲ!"

ಮಾಲಕರು ಉಂಗುರ ಎಳೆದರು. ಬರಲಿಲ್ಲ. ಸೋಪು ಹಚ್ಚಿ ಎಳೆದರು. ಬಿಸಿಲು ಬಾನೆಟ್ಟಿನ ತುದಿ ಮುಟ್ಟಿತು. ಹನಿಗಳು ಸಣ್ಣಗಾಗತೊಡಗಿದವು. ಉಂಗುರ ಬಂತು.

"ಈಗ ಆ ಟವೆಲ್ಲು ಬಿಡ್ರಿ. ನಿಮಗ ಕೈ ಮುಗಿತೀನಿ."

"ನನ್ನ ಅಳ್ಯಾನ ಮದಿವ್ಯಾಗ ನನ್ನ ಮಾಲಿನಿಂದ ಒರಸಬಾರ್ದೇನೋ?" ಎಂದು ಮಾಲಕರು ಬಾನೆಟ್ಟಿನ ಮೇಲೆ ಟವೆಲ್ಲು ಇಟ್ಟು, ಗಿರಾಕಿಗೆ ಮಾಲು ತೋರಿಸುವವರ ಹಾಗೆ ಗತ್ತಿನಿಂದ ಒಂದು ಸಲ ಎಳೆದರು.

ಚರ್ರ್ ಅಂತು.

ಹಾಡು ನಿಂತಿತು. ಮಾಲಕರು ಬಾಗಿ ನೋಡಿದರು. ಕಪ್ಪು ಬಾನೆಟ್ಟಿನಲ್ಲಿ ಅವರ ಮುಖ ಕಾಣುತ್ತಿತ್ತು, ಮುಖದ ಮೇಲೆ ಬಾಚಣಿಗೆ ಎಳೆದ ಹಾಗೆ ಗೀರು. ಬೆರಳಿನಿಂದ ಮುಟ್ಟಿದರು. ಬೆರಳಿಗೆ ಎಂಜಲು ಹಚ್ಚಿ ಮುಟ್ಟಿದರು. ಹೋಗಲಿಲ್ಲ.

ಯಾರೋ ಹಿಂದಿನಿಂದ, "ಮೀಸಿ ಹೋತು!" ಎಂದರು.

ಅಂಗಳದಲ್ಲಿ ಎರಡು ಪಕ್ಷ ಆದವು. ಗೀರು ಹಾಕಿದವರು ಮಾಲಕರು, ಮೀಸೆ ಯಾಕೆ ಹೋಗಬೇಕು ಎಂದು ಕೆಲವರು. ಗೀರು ಬಿದ್ದರೆ ಅಂದಿದ್ದಾನೆ, ಯಾರು ಹಾಕಿದರೆ ಅಂತ ಅಂದಿಲ್ಲ ಎಂದು ಕೆಲವರು. ಮದುಮಗನ ಅಪ್ಪ ಊರಿನ ಪಂಚರಲ್ಲಿ ಒಬ್ಬರು. ಹೊಲದ ಬದುವಿನ ಜಗಳ ಬಗೆಹರಿಸಿ ಬಗೆಹರಿಸಿ ಅವರಿಗೆ ಅಭ್ಯಾಸ. ಕಟ್ಟೆಯ ಮೇಲೆ ಕೂತು ಎರಡೂ ಕಡೆ ಕೇಳಿ, "ಹೌದಪ್ಪಾ, ಮಾತು ಅಂದ್ರ ಮಾತು," ಎಂದರು.

ನಾನು ವಾದ ಮಾಡಲಿಲ್ಲ. ಮಾಡಬಹುದಿತ್ತು. ಆದರೆ ಆಡಿದ ಮಾತಿಗೆ ಅರ್ಥ ಹುಡುಕುತ್ತ ಕೂಡುವ ಜಾತಿಯವನು ನಾನಲ್ಲ. ಸೀದಾ ಹೋಗಿ ಕ್ಷೌರದವನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. "ತಗಿ," ಎಂದೆ. ಹೂರಣ ಇನ್ನೂ ಎಡಗೈಯಲ್ಲೇ ಇತ್ತು.

ಅವನಿಗೆ ಮದುವೆಮನೆಯಲ್ಲಿ ಪುರಸತ್ತಿಲ್ಲ. ಎರಡು ಸಲ ಸೋಪು ತಿರುಗಿಸಿ, ಬಲಗಡೆಯ ತುದಿಗೆ ಕತ್ತಿ ಹಚ್ಚಿಯೇ ಬಿಟ್ಟ. ಅಷ್ಟರಲ್ಲಿ ಆಯಿ ಕೇಳಿದಳು, "ಏ ತಮ್ಮಾ, ನಿಮ್ಮಪ್ಪ ಇದ್ದಾನೋ ಇಲ್ಲೋ?"

"ಇದ್ದಾನ್ರಿ. ಕಂದಲಗಾಂವದಾಗ. ಗಟ್ಟಿ ಅದಾನ."

"ಅಯ್ಯ ನಿಮ್ಮ! ಜೀಂವಂತ ಅಪ್ಪ ಇರೂ ಮಗಂದು ಮೀಸಿ ತಗಸ್ತೀರೇನು, ನನ್ನ ಮೊಮ್ಮಗನ ಮದಿವ್ಯಾಗ? ಕೈ ತಗಿಯೋ!" ಕೋಲು ಕ್ಷೌರದವನ ಮೊಣಕೈಗೆ ಬಿತ್ತು.

"ಮಾತು ಮಾತಲ್ಲ ಏನವ್ವ?" ಎಂದರು ಪಂಚರು, ಅವಳ ಮಗ.

"ಯಾವ ಮಾತು? ಇನ್ನಾ ನೂಲು ಬಿಚ್ಚೀರೇನು? ಸುರಗಿ ಮುಗದದೇನು? ನೂಲಿನ ಒಳಗ ಆಗಿದ್ದು ಯಾರ ಲೆಕ್ಕಕ್ಕೂ ಇಲ್ಲ. ನೀ ನಿನ್ನ ಸುರಗ್ಯಾಗ ಕೂತು ನೀರು ಥಂಡಿ ಅದ ಅಂತ ಅಳಲಿಲ್ಲೇನು? ನಾವು ಅದನ್ನ ಲೆಕ್ಕಕ್ಕ ಹಿಡದೀವೇನು? ಮದಿವಿ ಮಾಡಿ ಕಳಿಸಿದ್ವಿಲ್ಲೋ?"

ಪಂಚರು ಕಟ್ಟೆಯಿಂದ ಇಳಿದರು. ಇದರ ಮೇಲೆ ಅಪೀಲು ಇರಲಿಲ್ಲ.

"ಆದ್ರ ಒರಸಿ ಮುಗಿಸಬೇಕು," ಆಯಿ ಮಾಲಕರ ಕಡೆ ತಿರುಗಿದಳು. "ಹಸಿ ಮೈಲೆ ಯಾರೂ ಸುರಗಿಯಿಂದ ಏಳಂಗಿಲ್ಲ."

ಮಾಲಕರು ನನ್ನ ಕಡೆ ನೋಡಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ಏನು ಮಾಡಲಿ ಎಂದು ನನ್ನನ್ನು ಕೇಳಿದರು, ಬಾಯಿಂದಲ್ಲ, ಕಣ್ಣಿನಿಂದ. ಅರ್ಧ ಮುಖಕ್ಕೆ ಸೋಪು ಮೆತ್ತಿಕೊಂಡು ಕೂತಿದ್ದ ನಾನು ಬೆರಳು ಮಾಡಿ ತೋರಿಸಿದೆ.

"ಮಾಲಕ್ರ, ನಿಮ್ಮ ಧೋತರ."

"ಏನು?"

"ಇಡೀ ಜಿಲ್ಲ್ಯಾಗ ಅದರಂಥಾ ಅರಿವಿ ಇಲ್ರಿ. ನಾ ನೋಡಕೋತ ಬಂದೀನಿ."

ಬಿಸಿಲು ಗಾಜಿನ ತನಕ ಬಂದಿತ್ತು. ಟಾಪಿನ ಮೇಲೆ ಬಿಳಿ ಚುಕ್ಕೆ ಕಣ್ಣು ಬಿಡುತ್ತಿದ್ದವು. ಮಾಲಕರು ಒಮ್ಮೆ ಕಾರು, ಒಮ್ಮೆ ನೆಂಟರು, ಒಮ್ಮೆ ಕೈಯಲ್ಲಿದ್ದ ಟವೆಲ್ಲು ನೋಡಿದರು. ಆಮೇಲೆ ಕಾರಿನ ಮರೆಗೆ ಹೋದರು. ಹೊರಗೆ ಬಂದಾಗ ಸೊಂಟಕ್ಕೆ ಟವೆಲ್ಲು, ಮೇಲೆ ರೇಶಿಮೆಯ ಅಂಗಿ, ತಲೆಗೆ ಜರಿಯ ರುಮಾಲು, ಕೈಯಲ್ಲಿ ಧೋತರ. ಲೇಬಲ್ಲು ಹಿಂಭಾಗದ ಮೇಲೆ ಸರಿಯಾಗಿ ನಡುವೆ ಇತ್ತು.

"ಮಾಲಕರು ಇಲ್ಲೂ ದುಕಾನ ತಗದಾರ ನೋಡ್ರಿ," ಎಂದ ಯಾರೋ ನೆಂಟ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಮತ್ತೆ ನಂಬರು ಹಾಡತೊಡಗಿದರು.

ನಾನು ನೂಲಿನ ಹೊರಗಿನಿಂದಲೇ ಸುತ್ತುತ್ತ ಹೇಳಿಕೊಟ್ಟೆ. "ತಿಕ್ಕಬ್ಯಾಡ್ರಿ, ಹಾಸ್ರಿ. ಕುಡೀಲಿ, ತಡೀರಿ. ಈಗ ಎಳಕೊಳ್ರಿ, ಕೂಸಿನ ಮ್ಯಾಲಿಂದ ಹೊದಿಕಿ ಎಳದಂಗ. ಹಿಂಡ್ರಿ. ಮಗ್ಗಲಾ ಬದಲ ಮಾಡ್ರಿ." ಮಾಲಕರು ಹಾಸಿದರು, ಎಳೆದರು, ನಡುನಡುವೆ ಸೊಂಟ ಕೆರೆದುಕೊಂಡರು. ತುರಿಕೆ ಶುರುವಾಗಿತ್ತು. ಧೋತರ ಹೋದಲ್ಲೆಲ್ಲ ಕಪ್ಪು ಬಣ್ಣ ಬಾವಿಯ ತಳದ ಹಾಗೆ ಆಳವಾಗಿ ಹೊಳೆಯಿತು. ಸತ್ಯ ಹೇಳಬೇಕೆಂದರೆ ಕೆಲಸ ಚೆನ್ನಾಗಿ ಮಾಡಿದರು. ನಾನು ಮಾಡಿದ್ದರೆ ಇನ್ನೂ ಚೆನ್ನಾಗಿ ಆಗುತ್ತಿತ್ತು.

ಉಳಿದದ್ದು ಬಾನೆಟ್ಟಿನ ಗೀರು. ಸುರಗಿಯ ಲೆಕ್ಕಕ್ಕೆ ಅದು ಇರಲಿಲ್ಲ, ಆದರೆ ಕಣ್ಣಿಗೆ ಇತ್ತು. ಆಯಿ ಆಹೇರಿನ ಗಂಟಿನಿಂದ ಒಂದು ಟವೆಲ್ಲು ತೆಗೆಸಿ, ಮೊದಲ ಸಲ ಮನೆಗೆ ಬಂದ ಅತಿಥಿಗೆ ಹಾಕುವ ಹಾಗೆ ಬಾನೆಟ್ಟಿನ ಮೇಲೆ ಹಾಸಿ, ನಡುವೆ ಬಿಳಿ ಟೊಪ್ಪಿಗೆ ಇಡಿಸಿ, ಮೇಲೆ ಹೂವಿನ ಹಾರ ಬಿಗಿಸಿದಳು. "ಹಾಸ್ರಿ, ಎಳೀಬ್ಯಾಡ್ರಿ," ಎಂದು ನಾನು ಕೂಗುತ್ತಲೇ ಇದ್ದೆ.

ಮದುಮಗ ಕೂತ. ಒದ್ದೆ ಧೋತರ ಹಿಂದಿನ ಸೀಟಿನ ಮೇಲೆ ಹರವಿತ್ತು, ಟವೆಲ್ಲುಟ್ಟ ಮಾಲಕರು ನನ್ನ ಪಕ್ಕ ಕೂತಿದ್ದರು. ಮೈಂದರ್ಗಿಯಲ್ಲಿ ಹೆಣ್ಣಿನವರು ಎದುರುಗೊಳ್ಳಲು ಬಂದವರು ಕಾರು ನೋಡಿ ದಂಗಾದರು. ಗಂಡಿನ ಕಡೆಯವರು ಕಾರಿಗೆ ಟವೆಲ್ಲು-ಟೊಪ್ಪಿಗೆ ಮಾಡಿದ್ದಾರೆ, ನಾವು ಬರಿಗೈಯಲ್ಲಿ ನಿಂತಿದ್ದೇವೆ! ಕೂಡಲೇ ಒಬ್ಬ ಓಡಿ ಇನ್ನೊಂದು ಟವೆಲ್ಲು ತಂದು ಮೊದಲಿನದರ ಮೇಲೆ ಹಾಕಿದ. ಹೆಣ್ಣಿನ ಸೋದರಮಾವನಿಗೆ ಸಿಟ್ಟು ಬಂದು ಅವನೂ ಹಾಕಿದ. ಊಟದ ಹೊತ್ತಿಗೆ ಬಾನೆಟ್ಟು ಕಾಣುತ್ತಿರಲಿಲ್ಲ. ಮಾಲಕರು ಟವೆಲ್ಲಿನ ಮೇಲಿಂದ ಸೊಂಟ ಕೆರೆಯುತ್ತ ಆ ಗುಡ್ಡವನ್ನು ನೋಡಿ, "ಎಲ್ಲಾ ನಮ್ಮ ಮಾಲೇ ಅದನೋ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಅವರಿಗೆ ಸಮಾಧಾನ ಆಗಿತ್ತು. ರಾತ್ರಿ ಅಕ್ಕಲಕೋಟೆಗೆ ಮರಳಿ ಊಟಕ್ಕೆ ಕೂತಾಗ ಹೋಳಿಗೆಯ ಜೊತೆಗೆ ಆ ಕಟ್ಟಿನ ಸಾರು ಬಂತು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ನಾನೂ ಹಾಕಿಸಿಕೊಂಡೆ. ಅಕ್ಕ ದೂರದಿಂದ ನನ್ನನ್ನು ದಿಟ್ಟಿಸಿ ನೋಡಿದರು. ನಾನು ಬಾಯಿ ಬಿಡಲಿಲ್ಲ.

ಅದಾದ ಮೇಲೆ ಮಾಲಕರು ತಮ್ಮ ಹಳೆಯ ಧೋತರಗಳನ್ನು ನನಗೇ ಕೊಡುತ್ತ ಬಂದರು. ಟವೆಲ್ಲಿನ ವಿಷಯ ಇಬ್ಬರೂ ಎತ್ತಲಿಲ್ಲ.

ಮೀಸೆ ಉಳಿಯಿತು, ಆದರೆ ಪೂರ್ತಿ ಅಲ್ಲ. ಕ್ಷೌರದವನ ಕತ್ತಿ ಬಲಗಡೆಯ ತುದಿ ಹಾರಿಸಿತ್ತು. ಒಂದು ಕಡೆ ಹೊತ್ತು ತಿರುಗುವುದು ಹೇಗೆ ಎಂದು ಎಡಗಡೆಯೂ ಅಷ್ಟೇ ತೆಗೆಸಿದೆ. ಮೂಗಿನ ಕೆಳಗೆ ಚಿಟಿಕೆಯಷ್ಟು ಉಳಿಯಿತು. ಹಾಗೇ ಕಂದಲಗಾಂವಕ್ಕೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತವರು ಅಳಬೇಕೋ ಬೇಡವೋ ತಿಳಿಯದೆ ಸುಮ್ಮನೆ ನೋಡಿದರು.

ಅಪ್ಪ ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತ ಕೂತಿದ್ದ. ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಬಾಯಲ್ಲಿದ್ದುದನ್ನು ಉಗುಳಿ ಬಂದ. ಮತ್ತೆ ನೋಡಿದ.

"ಏನೋ," ಎಂದ, "ನಾ ಅರ್ಧಾ ಸತ್ತೀನೇನು?"